ಉಳಿದದ್ದು ಒಂದೇ ಕೈ

ದಾವಲಸಾಬ ನದಾಫ ತಂಗುದಾಣದ ಕಂಟ್ರೋಲ್ ರೂಮಿಗೆ ಬಂದು ಕೂತಾಗ ಇಂದುಮತಿ ಹೊಂಬಳ ಇನ್ನೂ ಬೆಳಗಿನ ಚಹಾ ಕುಡಿದಿರಲಿಲ್ಲ. ಕೆಳಗಿನ ಕೌಂಟರಿನವರು ತಮಗೆ ನೀಗದ್ದನ್ನೆಲ್ಲ ಮೇಲಕ್ಕೆ ಅಟ್ಟುವುದು ಆ ಕಚೇರಿಯ ಪದ್ಧತಿ. ನೀಗದ್ದು ಎಂದರೆ ಬೇರೇನಲ್ಲ, ಅಳುವ ಜನ.

"ನಿನ್ನೆ ಸಂಜಿಮಟ ಛಲೋ ಮಾತಾಡ್ಯಾಳ್ರೀ ನನ್ನ ಹೇಣ್ತಿ ಹುಸೇನಬಿ," ಎಂದ ಮುದುಕ. ಅವನ ಗಡ್ಡದಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು, ಗಾದಿ ಹೊಲಿಯುವ ಕೆಲಸ ಅವನದು. "ಇವತ್ತ ಮುಂಜಾನೆ ಪೆಟ್ಟಿಗಿ ಮ್ಯಾಲ ಕೈ ಇಟ್ರ ಗಪ್ಪ. ಒಂದು ಸೊಲ್ಲಿಲ್ಲ."

ಇಂದುಮತಿ ಪರದೆ ನೋಡಿದಳು. ಹುಸೇನಬಿಯ ಹೆಸರಿನ ಮುಂದೆ ಸೊನ್ನೆ.

"ಅಜ್ಜಾರ, ನಿಮ್ಮವರ ಕೈ ಒಂದೂ ಉಳದಿಲ್ರೀ. ಕೈ ಇಲ್ಲಂದ್ರ ಯಂತ್ರ ಜಾಗಾ ಖಾಲಿ ಮಾಡ್ತೈತಿ. ಯಾರೋ ತೆಗದಾರ, ಮನ್ಯಾಗ ಕೇಳ್ರಿ."

"ಏನ್ ಹೇಳ್ತೀರಿ ಯವ್ವಾ? ಓಣಿಗೆ ಓಣಿನ ಬಂದು ಕೈ ಒತ್ತೈತಿ ಆಕಿಗೆ. ಅಷ್ಟೂ ಮಂದಿ ತೆಗದ್ರ?"

"ತೆಗದಿರ್ತಾರ್ರೀ. ಮಂದಿ ಹೆಂಗಿರ್ತಾರ ಅಂತ ನಿಮಗ ಗೊತ್ತಿಲ್ಲೇನು?"

"ನಂದು? ನಂದೂ ತೆಗದೀನೇನು ನಾನು? ದಿನಾ ಎರಡ ಹೊತ್ತು ಮಾತಾಡ್ತಿದ್ನೆಲ್ಲರೀ!"

ಇಂಥ ಮಾತು ಆ ತಿಂಗಳಲ್ಲಿ ಸಾಕಷ್ಟು ಕೇಳಿ ಇಂದುಮತಿಯ ಕಿವಿ ಜಡ್ಡುಗಟ್ಟಿತ್ತು. ಮುದುಕ ಎದ್ದು ಹೋದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಅವನು ತನ್ನ ಓಣಿಯ ಒಂದೊಂದು ಬಾಗಿಲ ಮುಂದೆಯೂ ನಿಂತು, ಮೂವತ್ತು ವರ್ಷ ಕೂಡಿ ಉಂಡವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾನಂತೆ.

ತಂಗುದಾಣ ಅಂದರೆ ಬಸ್ ನಿಲ್ಲುವ ಜಾಗ ಅಂದುಕೊಳ್ಳಬೇಡಿ. ಗದಗಿನಾಚೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸುತ್ತುತ್ತವಲ್ಲ, ಆ ಕರೆಂಟಿನಲ್ಲೇ ನಡೆಯುವ ದೊಡ್ಡ ಕಟ್ಟಡ ಅದು. ಮದ್ದಿಲ್ಲದ ಬೇನೆ ಬಂದವರ ದೇಹವನ್ನು ಅಲ್ಲಿ ನೆಲಮಾಳಿಗೆಯ ಚಳಿಯಲ್ಲಿಡುತ್ತಾರೆ. ಮನಸ್ಸನ್ನು ಮಾತ್ರ ಒಂದು ಚೂರೂ ಬಿಡದೆ ಯಂತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಮದ್ದು ಸಿಕ್ಕ ದಿನ ಎರಡನ್ನೂ ಕೂಡಿಸಿ ಎಬ್ಬಿಸುವುದು. ಅಲ್ಲಿಯವರೆಗೆ ಮನೆಯವರು ಯಾವುದಾದರೊಂದು ಮಾತಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಹೆಸರು ಹಿಡಿದು ಕರೆದರೆ ಸಾಕು, ಮಲಗಿದವರು ಮಾತಾಡುತ್ತಾರೆ. ಸತ್ತರು ಎಂದು ಯಾರೂ ಅನ್ನುವುದಿಲ್ಲ. 'ನಮ್ಮಪ್ಪ ಮಲಗ್ಯಾನ' ಅನ್ನುತ್ತಾರೆ.

ಆದರೆ ಯಂತ್ರದಲ್ಲಿ ಜಾಗ ಕಡಿಮೆ. ಮೊದಲ ವರ್ಷಗಳಲ್ಲಿ ಜನ ತಮ್ಮವರನ್ನು ತಂದು ಮಲಗಿಸಿ, ಆಮೇಲೆ ಇತ್ತ ತಲೆ ಹಾಕಿಯೂ ಮಲಗಲಿಲ್ಲ. ಅದಕ್ಕೆ ಸರಕಾರ ಕಾನೂನು ಮಾಡಿತು. ಮಲಗಿಸುವ ದಿನ ಬೇಕಾದವರೆಲ್ಲ ಬಂದು ತಾಮ್ರದ ಫಲಕದ ಮೇಲೆ ಕೈ ಒತ್ತಬೇಕು. ಒಂದೊಂದು ಅಂಗೈಯೂ ಒಂದು 'ಕೈ' ಎಂದು ಲೆಕ್ಕ. ಬೇಡವಾದವರು ಬಂದು ತಮ್ಮ ಕೈ ತೆಗೆಯಬಹುದು. ಒಂದು ಕೈ ಇರುವ ತನಕ ಮಲಗಿದವರಿಗೆ ಜಾಗ ಉಂಟು. ಕೊನೆಯ ಕೈ ಹೋಯಿತೋ, ಯಂತ್ರ ಆ ಕ್ಷಣವೇ ಜಾಗ ಗುಡಿಸಿ ಬೇರೆಯವರಿಗೆ ಕೊಡುತ್ತದೆ. ಅದಕ್ಕೆ ಕರುಣೆ ಗಿರುಣೆ ಗೊತ್ತಿಲ್ಲ. ಹಿಡಿದವರಿಲ್ಲ ಎಂದರೆ ಬೇಕಾದವರಿಲ್ಲ, ಅಷ್ಟೇ ಅದರ ಬುದ್ಧಿ.

ಇಂದುಮತಿಯ ಗಂಡ ಫಕೀರೇಶನೂ ಅಲ್ಲೇ ಮಲಗಿದ್ದ. ಗಾಳಿಯಂತ್ರದ ಮೇಲೆ ಹತ್ತಿ ರೆಕ್ಕೆ ರಿಪೇರಿ ಮಾಡುವ ಗ್ಯಾಂಗಿನವನು, ಊರೆಲ್ಲ ಸ್ನೇಹಿತರು. ಅವನನ್ನು ಮಲಗಿಸಿದ ದಿನ ಫಲಕದ ಮುಂದೆ ನಿಂತ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಅವನ ಬೇನೆಗೆ ಮದ್ದು ಬಂದಾಗಿದೆ, ಯುಗಾದಿ ಕಳೆದ ಕೂಡಲೇ ಎಬ್ಬಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಯುಗಾದಿಗೆ ಇನ್ನೇನು ಹೆಚ್ಚು ದಿನ ಇರಲಿಲ್ಲ. ಅವನ ತಾಯಿ ಗುರುಸಿದ್ದವ್ವ ದಿನಾ ಸಂಜೆ ದೀಪ ಹಚ್ಚಿ ಮಗನ ಜೊತೆ ಮಾತಾಡುತ್ತಿದ್ದಳು. ಇಂದುಮತಿ ಮಾತ್ರ ಮಾತಾಡುತ್ತಿರಲಿಲ್ಲ. ಉಸಿರಿನ ಸದ್ದಿಲ್ಲದ ಆ ದನಿಯನ್ನು ಕೇಳಲು ಅವಳಿಂದ ಆಗುತ್ತಿರಲಿಲ್ಲ. ಎದ್ದು ಬರಲಿ, ಮೈಮುಟ್ಟಿ ಮಾತಾಡುತ್ತೇನೆ ಎಂದುಕೊಂಡು ದಿನ ದೂಡುತ್ತಿದ್ದಳು. ಅತ್ತೆಗೆ ಇದು ಸೇರುತ್ತಿರಲಿಲ್ಲ.

ಮುದುಕ ಹೋದ ಮೇಲೆ ಇಂದುಮತಿಗೆ ಚಹಾ ರುಚಿಸಲಿಲ್ಲ. 'ದಿನಾ ಎರಡ ಹೊತ್ತು ಮಾತಾಡ್ತಿದ್ನೆಲ್ಲರೀ' ಎಂಬ ಮಾತು ತಲೆಯೊಳಗೆ ಕೂತುಬಿಟ್ಟಿತ್ತು. ಆ ತಿಂಗಳು ಗೋಳಾಡುತ್ತ ಬಂದವರೆಲ್ಲರ ಮುಖ ನೆನಪಿಸಿಕೊಂಡಳು. ಹೊತ್ತು ಹೊತ್ತಿಗೆ ಮಗಳ ಜೊತೆ ಮಾತಾಡುತ್ತಿದ್ದ ಟೀಚರಮ್ಮ. ಗಂಡನಿಗೆ ದಿನವೂ ಪೇಪರ್ ಓದಿ ಹೇಳುತ್ತಿದ್ದ ನರಗುಂದದ ಹೆಂಗಸು. ಅಯ್ಯೋ, ಇದೇನು! ತಿಂಗಳಾನುಗಟ್ಟಲೆ ಪೆಟ್ಟಿಗೆ ಮುಟ್ಟದವರ ಮನೆಯಿಂದ ಒಬ್ಬರೂ ಬಂದಿರಲಿಲ್ಲ. ಪ್ರೀತಿ ಮಾಡಿದವರ ಮಂದಿಯೇ ಹೋಗುತ್ತಿದ್ದರು.

ಪರೀಕ್ಷೆಗೆಂದೇ ಯಂತ್ರದಲ್ಲಿ ಒಬ್ಬ ಸುಳ್ಳು ಮನುಷ್ಯನನ್ನು ಮಲಗಿಸಿದ್ದರು. ಕಚೇರಿಯವರು ಅವನಿಗೆ ಗುಂಡಪ್ಪ ಎಂದು ಹೆಸರಿಟ್ಟಿದ್ದರು. ಇಂದುಮತಿ ಅವನನ್ನು ಮೂರು ಕೈ ಕೊಟ್ಟು ಹೊಸದಾಗಿ ಮಲಗಿಸಿದಳು. ಮಾತಿನ ಪೆಟ್ಟಿಗೆ ಎಳೆದುಕೊಂಡು ಅಂಗೈ ಇಟ್ಟಳು.

"ಹಲೋ ಗುಂಡಪ್ಪ."

"ನಮಸ್ಕಾರ್ರೀ," ಎಂದ ಗುಂಡಪ್ಪ. ಕೈ ಎತ್ತಿದಳು. ಪರದೆಯಲ್ಲಿ ಎರಡು.

"ಹಲೋ ಗುಂಡಪ್ಪ."

"ನಮಸ್ಕಾರ್ರೀ." ಒಂದು.

ಮೂರನೆಯ ಸಲವೂ ಅವನು ಅಷ್ಟೇ ಮರ್ಯಾದೆಯಿಂದ ನಮಸ್ಕಾರ ಹೇಳಿದ. ಅವಳು ಕೈ ಎತ್ತಿದಳು. ಯಂತ್ರ ಅವನನ್ನು ಗುಡಿಸಿ ಹಾಕಿತು.

ಅವಳು ಪೆಟ್ಟಿಗೆಯನ್ನು ದೂರ ತಳ್ಳಿದಳು. ಯಾಕೆಂದರೆ ಈ ಪೆಟ್ಟಿಗೆ ಇಷ್ಟು ಚುರುಕಾಗಿ ಮಾತಾಡುವಂತೆ ಮಾಡಿದವಳು ಅವಳೇ.

ವಿಷಯ ಇಷ್ಟು. ಮಲಗಿದ ಪ್ರತಿಯೊಬ್ಬರಿಗೂ ಯಂತ್ರದೊಳಗೆ ಒಂದು ದಾರಿ ಇರುತ್ತದೆ. ಯಾವ ಅಂತಸ್ತು, ಯಾವ ಸಾಲು, ಯಾವ ಕಪಾಟು ಎಂದು. ಮೊದಲು ಈ ದಾರಿಯನ್ನು ಬರೀ ಅಕ್ಷರದಲ್ಲಿ, ಚೀಟಿಯ ಮೇಲೆ ವಿಳಾಸ ಬರೆದ ಹಾಗೆ, ಲೈಬ್ರರಿಗೆ ಕೊಡುತ್ತಿದ್ದರು. ಲೈಬ್ರರಿ ಎಂದರೆ ಹಿಂದಿನವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಕಟ್ಟು. ಅದರಲ್ಲಿನ ಒಂದು ಫಂಕ್ಷನ್ನು, ಎಂದರೆ ಒಂದೇ ಕೆಲಸಕ್ಕೆಂದು ಬರೆದ ತುಣುಕು, ಆ ಚೀಟಿ ನೋಡಿ ತಾನೇ ಒಂದು ನಿಜವಾದ ದಾರಿ ಕಟ್ಟುತ್ತಿತ್ತು. ಕಟ್ಟುವಾಗ, ನಡುವೆ ಯಾರೂ ಗುಡಿಸದಿರಲಿ ಎಂದು, ಮಲಗಿದವರಿಗೆ ತನ್ನದೊಂದು ಕೈ ಸೇರಿಸುತ್ತಿತ್ತು. ಮಾತು ಮುಗಿದ ಮೇಲೆ ಆ ಕೈ ತೆಗೆದುಕೊಂಡು ಹೋಗುತ್ತಿತ್ತು. ಒಂದು ಕೂಡಿಸಿ ಒಂದು ಕಳೆದರೆ ಲೆಕ್ಕ ಸರಿ.

ಆದರೆ ದಾರಿ ಕಟ್ಟಲು ಹೊತ್ತು ಹಿಡಿಯುತ್ತಿತ್ತು. ಜನ ಅಂಗೈ ಇಟ್ಟು ಕಾದು ಕಾದು ಬೇಸತ್ತು ಬೈಯುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಇಂದುಮತಿ ಒಂದು ಉಪಾಯ ಮಾಡಿದಳು. ಮನೆಯವರು ಕೈ ಒತ್ತಿದಾಗಲೇ ಒಂದು ದಾರಿ ಕಟ್ಟಿ ಇಟ್ಟಿರುತ್ತದಲ್ಲ, ಆ ಕಟ್ಟಿದ ದಾರಿಯನ್ನೇ ಫಂಕ್ಷನ್ನಿನ ಕೈಗೆ ಕೊಟ್ಟುಬಿಟ್ಟಳು. ಅದು ನೋಡಿತು, ಕಟ್ಟಿದ್ದೇ ಇದೆ, ನಾನೇಕೆ ಕಟ್ಟಲಿ ಎಂದು ಅದನ್ನೇ ಹಿಡಿದು ಹೋಯಿತು. ಕಟ್ಟಲಿಲ್ಲ, ಅಂದಮೇಲೆ ಕೈಯೂ ಸೇರಿಸಲಿಲ್ಲ. ಮಾತು ಮುಗಿದ ಮೇಲೆ ಹಳೆಯ ರೂಢಿಯಂತೆ ಒಂದು ಕೈ ತೆಗೆಯಿತು. ಅದು ಅದರ ಕೈ ಆಗಿರಲಿಲ್ಲ, ಮನೆಯವರದಾಗಿತ್ತು. ತಾನು ತಂದ ಬಾಳೆಎಲೆಯಲ್ಲಿ ಉಂಡು, ಎದ್ದು, ಎಲೆಯನ್ನು ತಿಪ್ಪೆಗೆ ಹಾಕಿ ಹೋಗುವ ಶಿಸ್ತಿನ ಅತಿಥಿ ಇದ್ದ ಅನ್ನಿ. ಅವನಿಗೆ ಒಂದು ದಿನ ನೀವು ಮನೆಯ ಹಿತ್ತಾಳೆ ತಾಟಿನಲ್ಲಿ ಬಡಿಸಿದಿರಿ. ಅವನು ಅಷ್ಟೇ ಶಿಸ್ತಿನಿಂದ ತಾಟನ್ನೂ ತಿಪ್ಪೆಗೆ ಎಸೆದು ಹೋದ.

ಎರವಲು ಪಡೆದವನು ಎರವಲಿನ ವಸ್ತುವನ್ನು ಬಿಸಾಡಲಾರ ಎಂದು ಇಂದುಮತಿ ನಂಬಿದ್ದಳು. ಲೈಬ್ರರಿಯನ್ನು ಬಿಚ್ಚಿ ನೋಡುವ ರೂಢಿ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಹಿರಿಯರು ಬರೆದದ್ದು ಎಂದು ಆಯುಧ ಪೂಜೆಗೆ ಅದರ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದು ಬರುತ್ತಿದ್ದರು. ಪೆಟ್ಟಿಗೆ ಚುರುಕಾಗಿದ್ದಕ್ಕೆ ಇಂದುಮತಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಅವತ್ತಿನಿಂದ ಜನ ಒಂದು ಸಲ ಮಾತಾಡುವವರು ನಾಲ್ಕು ಸಲ ಮಾತಾಡತೊಡಗಿದ್ದರು.

ಅವಳು ಗಂಡನ ಹೆಸರು ಹುಡುಕಿದಳು. ಕೈ ಎಣಿಕೆಯ ಪರದೆಗೆ ದಾರಿಯ ಹಂಗಿಲ್ಲ, ನೋಡಿದರೆ ಅಪಾಯವಿಲ್ಲ. ಫಕೀರೇಶ ಹೊಂಬಳ: ಒಂದು.

ರಸ್ತೆಯವರೆಗೆ ನಿಂತಿದ್ದ ಆ ಸಾಲಿನಲ್ಲಿ ಉಳಿದದ್ದು ಒಂದು. ತಕ್ಷಣ ಹೋಗಿ ಇನ್ನೊಂದು ಕೈ ಸೇರಿಸೋಣ ಎಂದರೆ ಅದೂ ಆಗದು. ಮಲಗಿಸಿದ ದಿನ ಕಳೆದ ಮೇಲೆ ಕೈ ಸೇರಿಸುವುದಕ್ಕೆ ಮೊದಲು ಆ ಫಂಕ್ಷನ್ನು ಒಂದು ಸಲ ಹೋಗಿ, ಮಲಗಿದವನು ಇದ್ದಾನೋ ಇಲ್ಲವೋ ನೋಡಿಕೊಂಡು ಬರುತ್ತದೆ. ನೋಡಿಕೊಂಡು ಬರುವಾಗಲೇ ಕೊನೆಯ ಕೈ ತೆಗೆದುಕೊಂಡು ಬರುತ್ತದೆ. ಯಾರೂ ಅವನ ಜೊತೆ ಮಾತಾಡದಂತೆ ಯಂತ್ರದೊಳಗೆ ಅವನ ಬಾಗಿಲು ಮುಚ್ಚಿಬಿಡೋಣ ಎಂದರೂ ಅದೇ ಕಥೆ. ಅವನನ್ನು ಉಳಿಸಲು ಇದ್ದದ್ದು ಒಂದೇ ಉಪಾಯ, ಯಾರೂ ಅವನನ್ನು ಮುಟ್ಟಬಾರದು.

ಪ್ರೋಗ್ರಾಂ ತಿದ್ದುವುದು ದೊಡ್ಡ ಮಾತಾಗಿರಲಿಲ್ಲ. ಕಟ್ಟಿದ ದಾರಿ ಕೈಗೆ ಬಂದರೆ ಮೊದಲು ನಿನ್ನದೊಂದು ಕೈ ಸೇರಿಸು, ಆಮೇಲೆ ಮುಂದೆ ಹೋಗು ಎಂದು ಎರಡು ಸಾಲು. ಬರೆದೂ ಬರೆದಳು. ಆದರೆ ಲೈಬ್ರರಿಗೆ ಹೊಸದೇನು ಸೇರಿಸಬೇಕಾದರೂ ಬೆಳಗಿನ ಪಾಳಿ ಬದಲಾಗುವಾಗ ಮಾತ್ರ. ಅದಕ್ಕೆ ಮೊದಲು ಬೇಕಾದರೆ ಮಾತಿನ ಸೇವೆಯನ್ನೇ ನಿಲ್ಲಿಸಬೇಕು. ನಿಲ್ಲಿಸುವ ಅಧಿಕಾರ ಇದ್ದದ್ದು ಮುಖ್ಯಸ್ಥ ಅಂಗಡಿ ಸಾಹೇಬರಿಗೆ.

ಸಾಹೇಬರು ಎಲ್ಲ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವತ್ತ ಒಂದ ದಿನದಾಗ ಎಷ್ಟ ಮಂದಿ ಹೋಗಬಹುದ್ರೀ?"

"ಒಂದೊಂದ ಕೈ ಉಳದವ್ರು ನೂರರ ಮ್ಯಾಲ ಅದಾರ್ರೀ ಸರ್. ಈಗ ನಿಲ್ಲಿಸಿದ್ರ ಅಷ್ಟೂ ಮಂದಿ ಉಳೀತಾರ."

"ಈಗ ನಿಲ್ಲಿಸಿದ್ರ ಯಾಕ ಅಂತ ಕೇಳ್ತಾರ. ಯಾಕ ಅಂತ ಹೇಳಿದ್ರ ಹಿಂದ ಹೋದವ್ರ ಮನಿಯವ್ರು ಬರ್ತಾರ. ಈ ಕಟ್ಟಡದ ಒಂದ ಕಲ್ಲ ಉಳಸ್ತಾರೇನು?" ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆ ಮುಂಜಾನೆ ಸದ್ದಿಲ್ದ ಹಾಕ್ರಿ. ಇವತ್ತ ಹೋದವ್ರ ಮನಿಗೆ ಏನ್ ಹೇಳೂದು ನಿಮಗ ಗೊತ್ತೈತಿ. ಇಷ್ಟ ದಿನ ನೀವ ಹೇಳೀರಿ."

ಇಂದುಮತಿ ತಲೆ ತಗ್ಗಿಸಿದಳು.

"ನಿಮ್ಮ ಯಜಮಾನ್ರದು ಎಷ್ಟ ಉಳದಾವ?"

"ಒಂದ್ರೀ."

"ಹಂಗಾರ ಇಲ್ಲ್ಯಾಕ ನಿಂತೀರಿ? ಮನಿಗೆ ಹೋಗಿ ನಿಮ್ಮತ್ತೀನ ತಡೀರಿ. ನಾನೂ ಕೇಳೂದಿಲ್ಲ, ನೀವೂ ಹೇಳಬ್ಯಾಡ್ರಿ."

ಅಲ್ಲಿ ಅವಳು ಬಾಯಿ ಬಿಡಬಹುದಿತ್ತು. ಕೆಳಗಿಳಿದು ಕೌಂಟರಿನ ಮುಂದೆ ನಿಂತು ಕೂಗಬಹುದಿತ್ತು, ಇವತ್ತೊಂದು ದಿನ ಪೆಟ್ಟಿಗೆ ಮುಟ್ಟಬೇಡಿ ಅಂತ. ನೂರು ಮನೆಯ ದೀಪ ಉಳಿಯುತ್ತಿತ್ತು. ಅವಳು ಕೂಗಲಿಲ್ಲ. ಪರ್ಸು ಎತ್ತಿಕೊಂಡು, ಕೌಂಟರಿನ ಮುಂದಿನ ಸಾಲನ್ನು ನೋಡದ ಹಾಗೆ ಮುಖ ತಿರುಗಿಸಿ ಬಸ್ಸು ಹತ್ತಿದಳು. ನಾನು ಅವಳನ್ನು ಬೈಯಬೇಕೆಂದು ಕೂತಿದ್ದೇನೆ, ಬಾಯಿ ಬರುತ್ತಿಲ್ಲ. ಬೈಯುವ ಯೋಗ್ಯತೆ ನಿಮಗಿದ್ದರೆ ನೀವು ಬೈಯಿರಿ.

ಮನೆಯಲ್ಲಿ ಗುರುಸಿದ್ದವ್ವ ಒಳಕಲ್ಲಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಹಗಲು ಹೊತ್ತಿನಲ್ಲಿ ಸೊಸೆ ಬಂದದ್ದು ನೋಡಿ ಕೈ ನಿಲ್ಲಿಸಿದಳು.

"ಯಾಕವಾ, ಇಷ್ಟ ಲಗೂ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನ್ರೀ ಅತ್ತಿ. ಪೆಟ್ಟಿಗಿ ಒಯ್ಯಾಕ ಬಂದೀನಿ. ರಿಪೇರಿ ಐತಿ."

"ನಿನ್ನೆ ಛಲೋ ಮಾತಾಡಿದ್ನೆಲ್ಲ ಅವ. ಏನಾಗೇತಿ ಅದಕ್ಕ?"

"ಆಗೇತ್ರೀ ಏನೋ. ಇವತ್ತೊಂದ ದಿನ ಮಾತಾಡಬ್ಯಾಡ್ರಿ. ನಾಳೆ ತಂದ ಇಡ್ತೀನಿ."

ಇಂದುಮತಿ ಪೆಟ್ಟಿಗೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಗುರುಸಿದ್ದವ್ವ ಎದ್ದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಇಂದವ್ವಾ, ನನ್ನ ಮುಖ ನೋಡು. ಕೈ ತೆಗದ ಬಂದೀ ಏನು?"

"ಅತ್ತೀ!"

"ಊರಾಗ ಎಲ್ಲಾ ಕಡೆ ಇದ ಸುದ್ದಿ. ಹೇಣ್ತಿ ಗಂಡನ ಕೈ ತೆಗದ್ಲಂತ, ತಮ್ಮ ಅಣ್ಣನ ಕೈ ತೆಗದನಂತ. ನಾ ನಂಬಿರಲಿಲ್ಲ. ನಿಮ್ಮ ಆಫೀಸಿನವ್ರ ಹೇಳ್ತಾರಂತಲ್ಲ, ಮನಿಯವ್ರ ತೆಗದಾರ ಅಂತ. ನೀವು ಓದಿದವ್ರು, ಸುಳ್ಳ ಹೇಳ್ತೀರೇನು?"

"ಅದು ಹಂಗಲ್ರೀ ಅತ್ತಿ."

"ಮತ್ತ ಹೆಂಗ? ಅವನ ಕೂಡ ಒಂದ ದಿನಾನೂ ಮಾತಾಡಿಲ್ಲ ನೀನು. ಈಗ ನಾನೂ ಮಾತಾಡಬಾರ್ದು ಅಂತೀ."

ಸತ್ಯ ನಾಲಗೆಯ ತುದಿಗೆ ಬಂದಿತ್ತು. ನೀವು ಮಾತಾಡಿದ ಒಂದೊಂದು ಸಂಜೆಯೂ ನಿಮ್ಮ ಮಗನದೊಂದು ಕೈ ಹೋಗಿದೆ, ಹೋಗುವ ಹಾಗೆ ಮಾಡಿದವಳು ನಾನು, ಅದಕ್ಕೇ ನನಗೆ ಶಾಲು ಹೊದಿಸಿದ್ದು. ಇಷ್ಟು ಹೇಳಿದ್ದರೆ ಮುದುಕಿ ಎದೆ ಬಡಿದುಕೊಂಡು ಅಳುತ್ತಿದ್ದಳು, ಸೊಸೆಯನ್ನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ, ಆದರೆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಇಂದುಮತಿಗೆ ನಾಚಿಕೆ ಅಡ್ಡ ಬಂತು. ಒಂದು ರಾತ್ರಿಯ ಮಾತು, ನಾಳೆ ಎಲ್ಲ ಸರಿಹೋಗುತ್ತದೆ, ಇಷ್ಟಕ್ಕಾಗಿ ಯಾಕೆ ಮರ್ಯಾದೆ ಕಳೆದುಕೊಳ್ಳಲಿ ಎಂದುಕೊಂಡಳು.

"ದೇವರಾಣಿ, ನಾ ಕೈ ತೆಗದಿಲ್ರೀ. ಪೆಟ್ಟಿಗಿ ಕೆಟ್ಟೈತಿ ಅಷ್ಟ."

"ಆಣಿ ಮಾಡಬ್ಯಾಡ. ಹೋಗು." ಗುರುಸಿದ್ದವ್ವ ಬಾಗಿಲು ಬಿಟ್ಟು ಸರಿದಳು.

ಕಂಟ್ರೋಲ್ ರೂಮಿಗೆ ಮರಳಿ ಇಂದುಮತಿ ಕೈ ಎಣಿಕೆಯ ಪರದೆಯ ಮುಂದೆ ಕೂತಳು. ಗಂಡನ ಹೆಸರನ್ನು ಮೇಲೆ ತಂದು ಇಟ್ಟುಕೊಂಡಳು. ಕೆಳಗಿನ ಸಾಲುಗಳಲ್ಲಿ ಆಗಾಗ ಒಂದು ಹೆಸರು ಕಪ್ಪಾಗಿ ಅಳಿಸಿಹೋಗುತ್ತಿತ್ತು. ಅಣ್ಣಿಗೇರಿಯ ಯಾರೋ. ರೋಣದ ಯಾವುದೋ ಆರು ವರ್ಷದ ಕೂಸು. ಅಲ್ಲೆಲ್ಲ ಯಾರೋ ನಗುತ್ತ, ನಾಳೆ ಮಾತಾಡೋಣ ಎಂದು ಪೆಟ್ಟಿಗೆಯಿಂದ ಕೈ ಎತ್ತಿದ್ದರು. ಮೊದಮೊದಲು ಒಂದೊಂದಕ್ಕೂ ಅವಳು ಬೆಚ್ಚಿ ಬೀಳುತ್ತಿದ್ದಳು. ಆಮೇಲೆ ಮೇಲಿನ ಸಾಲನ್ನಷ್ಟೇ ನೋಡುವುದು ರೂಢಿಯಾಯಿತು. ಪಕ್ಕದವರು ಮಂಡಕ್ಕಿ ತಂದು ಇಟ್ಟರು, ಅವಳು ಒಂದಿಷ್ಟು ತಿಂದಳು ಕೂಡ.

ಹೊತ್ತು ಇಳಿಯಿತು. ಗುಡ್ಡದ ಮೇಲಿನ ರೆಕ್ಕೆಗಳ ನೆರಳು ಕಿಟಕಿಯ ಮೇಲೆ ಉದ್ದವಾಯಿತು. ಊರಲ್ಲಿ ದೀಪ ಹಚ್ಚುವ ವೇಳೆ ಬಂತು, ಕಳೆಯಿತು. ಒಂದು ಎಂಬುದು ಒಂದಾಗಿಯೇ ಇತ್ತು. ಅವಳು ಉದ್ದಕ್ಕೆ ಉಸಿರು ಬಿಟ್ಟು, ಅಬ್ಬಾ, ಗೆದ್ದೆ ಎಂದುಕೊಂಡು ಚೀಲದಲ್ಲಿದ್ದ ಪೆಟ್ಟಿಗೆಯನ್ನು ತಟ್ಟಿದಳು.

ಆಗಲೇ ಮೇಲಿನ ಸಾಲು ಕಪ್ಪಾಯಿತು.

ಅವಳು ಪರದೆಯನ್ನು ಒರೆಸಿ ನೋಡಿದಳು. ಹೆಸರು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಕಪಾಟಿನ ವಿಳಾಸದ ಮುಂದೆ ಮುಂಡರಗಿಯ ಯಾರೋ ಹೆಂಗಸಿನ ಹೊಸ ಹೆಸರು ಮೂಡಿತು. ಆ ಹೆಂಗಸಿಗೆ ಕೈಗಳು ಭಾಳ ಇದ್ದವು.

ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಗುರುಸಿದ್ದವ್ವ ಬಾಗಿಲಲ್ಲೇ ನಿಂತು ದಾರಿ ಕಾಯುತ್ತಿದ್ದಳು. ಸೊಸೆಯ ಕೈಯಿಂದ ಚೀಲ ಇಸಿದುಕೊಂಡಳು. ಕಾಲಿಗೆ ನೀರು ಕೊಟ್ಟಳು. ಎಂದೂ ಇಲ್ಲದ್ದು, ತಾನೇ ತಾಟು ಇಟ್ಟು, ಬಿಸಿ ರೊಟ್ಟಿ ಹಾಕಿ, ಎಣ್ಣೆಗಾಯಿ ಬಡಿಸಿ ಎದುರಿಗೆ ಕೂತಳು.

"ಇಂದೂ, ಸಿಟ್ಟಾಗಬ್ಯಾಡ. ನಾ ತಪ್ಪ ಮಾಡೀನಿ. ಬಾಜೂಕಿನ ಶಾವಂತ್ರವ್ವನ ಮನಿಗೆ ಹೋಗಿ ಅವರ ಪೆಟ್ಟಿಗಿ ಮ್ಯಾಲ ಕೈ ಇಟ್ಟೆ."

ಇಂದುಮತಿ ಮುರಿದ ರೊಟ್ಟಿಯ ಚೂರನ್ನು ಮತ್ತೆ ತಾಟಿಗೆ ಹಾಕಿದಳು.

"ಹೊಟ್ಯಾಗ ಬೆಂಕಿ ಬಿದ್ದಿತ್ತವಾ ನನಗ. ನಿನ್ನ ಹೇಣ್ತಿ ಕೈ ತೆಗದಾಳೇನಪಾ ಅಂತ ಕೇಳೇ ಬಿಟ್ಟೆ. ಏನಂದ ಗೊತ್ತೈತೇನು? ನಕ್ಕ. 'ಯವ್ವಾ, ಆಕಿ ಮಾತಾಡೂದಿಲ್ಲ ಖರೇ, ಆದ್ರ ನನ್ನ ಬಿಡಾಕಿ ಅಲ್ಲ' ಅಂದ. 'ನೀ ಏನೂ ಚಿಂತಿ ಮಾಡಬ್ಯಾಡ, ಯುಗಾದಿಗೆ ಬರ್ತೀನಿ' ಅಂದ." ಮುದುಕಿಯ ಕಣ್ಣು ತುಂಬಿ ಬಂತು. ಸೊಸೆಯ ಗದ್ದ ಹಿಡಿದಳು. "ನಾ ಪಾಪಿ, ನಿನ್ನ ಮ್ಯಾಲ ಸಂಶೇ ಪಟ್ಟೆ. ಹೊಟ್ಯಾಗ ಹಾಕ್ಕೋ ಯವ್ವಾ."

"ಇರ್ಲಿ ಬಿಡ್ರಿ ಅತ್ತಿ."

"ಒಂದ ಮಾತು ಕೇಳಬೇಕ ನೀನು. ನಿನ್ನ ದನಿ ಕೇಳಾಕ ಭಾಳ ಆಸಿ ಪಡ್ತಾನ ಅವ. ಎಷ್ಟ ದಿನಾತು, ಪಾಪ. ನಾಳೆ ಪೆಟ್ಟಿಗಿ ರಿಪೇರಿ ಆತಂದ್ರ ನೀನ ಮೊದಲ ಮಾತಾಡು. ನಾ ಹೊರಗ ಕುಂಡರ್ತೀನಿ. ಮಾತಾಡ್ತೀ ಹೌದಿಲ್ಲೋ?"

"ಹೂಂ," ಎಂದಳು ಇಂದುಮತಿ.

"ಮತ್ತ ಉಣ್ಣು, ಆರಾಕತ್ತೈತಿ," ಎಂದು ಗುರುಸಿದ್ದವ್ವ ರೊಟ್ಟಿಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು.